ಬ್ಯಾಡಗಿಯ ಜೀಪು ಕಡಲಿಗಿಳಿದ ದಿನ

ಆ ಜೀಪನ್ನು ಹೊಸದಾಗಿ ಹತ್ತಿದವರು ಯಾರೇ ಇರಲಿ, ಕೂತ ಕೂಡಲೇ ಸೀನುತ್ತಿದ್ದರು. ನನ್ನ ಗೆಳತಿಯ ಗಂಡ ಬ್ಯಾಡಗಿಯಲ್ಲಿ ಮೆಣಸಿನಕಾಯಿ ವ್ಯಾಪಾರಿ. ಹಳ್ಳಿಗಳಿಂದ ಚೀಲ ಹೇರಿಕೊಂಡು ಬರಲು ಅವರ ಮನೆಯಲ್ಲೊಂದು ಹಳೆಯ ಜೀಪಿತ್ತು. ಮಿಲಿಟರಿಯವರು ಹರಾಜಿಗಿಟ್ಟಿದ್ದನ್ನು ಅವಳ ಮಾವನವರು ಯಾವ ಕಾಲದಲ್ಲೋ ಹಿಡಿದು ತಂದಿದ್ದರಂತೆ. ವರ್ಷಗಟ್ಟಲೆ ಮೆಣಸಿನಕಾಯಿ ಹೊತ್ತು ಹೊತ್ತು ಅದರ ಸೀಟಿನ ಹೊಲಿಗೆಯಲ್ಲಿ, ತಗಡಿನ ಸಂದಿಯಲ್ಲಿ, ಮೇಲೆ ಕಟ್ಟಿದ ತಾಡಪತ್ರಿಯ ಮಡಿಕೆಯಲ್ಲಿ ಕೆಂಪು ಪುಡಿ ಕೂತುಬಿಟ್ಟಿತ್ತು. ಎಷ್ಟು ತೊಳೆದರೂ ಹೋಗುತ್ತಿರಲಿಲ್ಲ. ಮನೆಯವರಿಗೆ ರೂಢಿಯಾಗಿತ್ತು. ಬೀಗರು ಬರುವ ದಿನ ಮಾತ್ರ ಅದನ್ನು ಹಿತ್ತಲಿಗೆ ಒಯ್ದು ನಿಲ್ಲಿಸುತ್ತಿದ್ದರು.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷವಾಗಿತ್ತು. ಗೆಳತಿಯ ಗಂಡ ಹೊಸ ಟೆಂಪೊ ಕೊಂಡ. ಜೀಪನ್ನು ಗುಜರಿಗೆ ಹಾಕುವ ಮಾತು ಮನೆಯಲ್ಲಿ ಎದ್ದಾಗ ಇವಳು ಎದ್ದು ನಿಂತು, "ಅದು ನನಗಿರ್ಲಿ" ಅಂದಳಂತೆ. ಗಂಡ ನಕ್ಕು ಕೀಲಿಕೈ ಕೊಟ್ಟನಂತೆ. ಇದಾಗಿ ಒಂದು ತಿಂಗಳೊಳಗೆ ಅವಳು ಲೈಸೆನ್ಸ್ ತಂದು ಮಾವನವರ ಮುಂದೆ ಇಟ್ಟಳು. ಅವರಿಗೆ ಆಶ್ಚರ್ಯವಾಗಿತ್ತು. ನನಗೆ ಆಗಲಿಲ್ಲ. ಐರಣಿಯಲ್ಲಿ ತುಂಗಭದ್ರೆಯ ದಂಡೆಯ ಮೇಲೆ ಬೆಳೆದ ಹುಡುಗಿ ಅವಳು. ಕಾಲೇಜಿಗೆ ರಾಣೇಬೆನ್ನೂರಿಗೆ ಬರುವ ಮೊದಲೇ ಅಪ್ಪನ ಟ್ರ್ಯಾಕ್ಟರನ್ನು ಹೊಳೆಯ ಮರಳಲ್ಲಿ ಇಳಿಸಿ ಹತ್ತಿಸಿದವಳು. ಕಾಲೇಜಿನಲ್ಲಿ ನಾವಿಬ್ಬರೂ ಒಂದೇ ಬೆಂಚಿನವರು. ನಗು ತಡೆಯಲಾಗದೆ ಇಬ್ಬರೂ ಸೇರಿ ಎಷ್ಟೋ ಸಲ ಕ್ಲಾಸಿನಿಂದ ಹೊರಗೆ ಹೋಗಿದ್ದೇವೆ. ಕೊನೆಗೊಬ್ಬ ಮೇಷ್ಟರು ನಮ್ಮನ್ನು ಬೇರೆ ಬೇರೆ ಮೂಲೆಯಲ್ಲಿ ಕೂರಿಸಿದರು. ಆಗ ದೂರದಿಂದ ಒಬ್ಬರ ಮುಖ ಒಬ್ಬರಿಗೆ ಇನ್ನೂ ಚೆನ್ನಾಗಿ ಕಾಣತೊಡಗಿ ನಗು ಹೆಚ್ಚಾಯಿತು.

ಮದುವೆಯಾಗಿ ನಾನು ಹಾವೇರಿಗೆ ಬಂದೆ. ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳುತ್ತಿದ್ದೆ. ಉಬ್ಬರ, ಇಳಿತ, ಭೂಶಿರ, ಕೊಲ್ಲಿ ಎಲ್ಲವನ್ನೂ ವರ್ಷಾವರ್ಷ ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತಿದ್ದೆ. ನೀಲಿ ಚಾಕ್‌ಪೀಸಿನಿಂದ ಹಲಗೆಯ ಮೇಲೆ ಮೂರು ಸೊಟ್ಟ ಗೆರೆ ಎಳೆದರೆ ಅದೇ ಸಮುದ್ರ. ಖರೇ ಸಮುದ್ರ ನಾನು ನೋಡಿರಲೇ ಇಲ್ಲ. ಗೆಳತಿಯೂ ನೋಡಿರಲಿಲ್ಲ.

ಡಿಸೆಂಬರಿನ ಒಂದು ಶನಿವಾರ ಸಂಜೆ ಮನೆಯ ಫೋನು ಹೊಡೆದುಕೊಂಡಿತು. ಅವಳೇ.

"ನಾಳಿ ಮುಂಜಾನೆ ಲಗೂನ ತಯಾರಾಗಿರು. ಸಮುದ್ರಕ್ಕ ಹೋಗೂಣು."

"ಯಾಕ? ಏನರ ತರೂದೈತೇನು?"

"ಏನೂ ತರೂದಿಲ್ಲ ಬೇ. ಜೀಪ್ ಹೊಡಿಯೂದೈತಿ."

ಮೆಣಸಿನಕಾಯಿ ಕೊಳ್ಳಲು ಬಂದ ಕುಮಟಾ ಕಡೆಯ ವ್ಯಾಪಾರಿಯೊಬ್ಬರು ಅವರ ಮನೆಯಲ್ಲಿ ಊಟಕ್ಕೆ ಕೂತಾಗ ತಮ್ಮೂರ ಕಡಲಿನ ಸುದ್ದಿ ಹೇಳಿದ್ದರಂತೆ. ನೀರು ಹಿಂದೆ ಸರಿದಾಗ ಅಲ್ಲಿಯ ಮರಳು ಬಡಿದ ಕಣದ ಹಾಗೆ ಗಟ್ಟಿ, ಲಾರಿ ಹೋದರೂ ಹೂಳುವುದಿಲ್ಲ ಎಂದಿದ್ದರಂತೆ. ಅವರು ಅನ್ನಕ್ಕೆ ಸಾರು ಹಾಕಿಸಿಕೊಳ್ಳುವ ಹೊತ್ತಿಗೆ ಇವಳ ತಲೆಯಲ್ಲಿ ಜೀಪು ಆಗಲೇ ಕಡಲಿಗಿಳಿದಿತ್ತು.

ನಾನು ಗಂಡನಿಗೆ ಹೇಳಿದೆ. ಅವರು ಪೇಪರಿನಿಂದ ತಲೆ ಎತ್ತಿದರು.

"ನೀವಿಬ್ಬರಽ?"

"ಹೂಂ."

"ಗಾಡಿ ನಡುವಽ ಕೆಟ್ಟರ?"

"ಅಕಿ ರಿಪೇರಿ ಮಾಡ್ತಾಳ."

"ನೀ ಏನ್ ಮಾಡ್ತಿ?"

"ನಾ ನಗ್ತೇನಿ."

ಅವರು, "ಹಂಗಾರ ಹೋಗಿ ಬಾ. ನೀರಾಗ ಭಾಳ ಇಳೀಬ್ಯಾಡ" ಎಂದು ಮತ್ತೆ ಪೇಪರಿಗೆ ಹೋದರು.

ಇನ್ನೂ ಬೆಳಕು ಹರಿದಿರಲಿಲ್ಲ. ಓಣಿಯ ತುದಿಯಲ್ಲಿ ಜೀಪಿನ ಸದ್ದು ಕೇಳಿ ನಾಯಿಗಳೆಲ್ಲ ಎದ್ದವು. ಗೆಳತಿ ಚೂಡಿದಾರದ ಮೇಲೆ ಗಂಡನ ಸ್ವೆಟರು, ಕಾಲಿಗೆ ಗಂಡನ ಕ್ಯಾನ್ವಾಸ್ ಬೂಟು ಹಾಕಿದ್ದಳು. ಬೂಟು ದೊಡ್ಡದಾಗಿ ಮುಂದೆ ಬಟ್ಟೆ ತುರುಕಿದ್ದಳು. ಹಿಂದೆ ಖಾಲಿ ಗೋಣಿಚೀಲಗಳ ಒಂದು ಅಟ್ಟಿ ಇತ್ತು. ಸುಗ್ಗಿ ಇನ್ನೂ ಶುರುವಾಗಿರಲಿಲ್ಲ. ಅವುಗಳ ಮೇಲೆ ಅವಳ ಅತ್ತೆ ಕಟ್ಟಿಕೊಟ್ಟ ರೊಟ್ಟಿ, ಶೇಂಗಾ ಚಟ್ನಿ, ಮೊಸರಿನ ಡಬ್ಬಿ. ನಾನು ಹತ್ತಿ ಕೂತೆ. ಸೀನಿದೆ. ಸ್ವಾಗತವಾಯಿತು ಎಂಬಂತೆ ಅವಳು ಗೇರು ಹಾಕಿದಳು.

ಆ ಜೀಪಿನಲ್ಲಿ ಮಾತಾಡುವುದೆಂದರೆ ಕೂಗುವುದೇ. ಎಂಜಿನ್ನಿನ ಸದ್ದಿನ ಮೇಲೆ ನಾನು "ಚಳಿ ಆಗಾಕತ್ತೈತಿ" ಎಂದರೆ ಅವಳು "ಯಾರ ಗಿಳಿ?" ಎನ್ನುತ್ತಿದ್ದಳು. ಅಷ್ಟಕ್ಕೇ ಇಬ್ಬರಿಗೂ ನಗು. ಹಾನಗಲ್ಲ ದಾಟುವಷ್ಟರಲ್ಲಿ ನನ್ನ ಪಕ್ಕೆ ನೋಯುತ್ತಿತ್ತು. ಯಾಕೆ ನಗುತ್ತಿದ್ದೇವೆ ಎಂದು ಯಾರಾದರೂ ನಿಲ್ಲಿಸಿ ಕೇಳಿದ್ದರೆ ಹೇಳಲು ನಮ್ಮ ಹತ್ತಿರ ಏನೂ ಇರಲಿಲ್ಲ. ಮನೆಯಿಂದ ಇಬ್ಬರೇ ಹೊರಟಿದ್ದೇವೆ, ಹೊತ್ತು ಹುಟ್ಟುತ್ತಿದೆ, ಯಾರಿಗೂ ಟಿಫಿನ್ ಮಾಡಿಕೊಡಬೇಕಾಗಿಲ್ಲ, ಇಷ್ಟೇ.

ಶಿರಸಿಯಲ್ಲಿ ಚಹಾಕ್ಕೆ ನಿಲ್ಲಿಸಿದೆವು. ಅಂಗಡಿಯವರು ಎರಡು ಗ್ಲಾಸು ತಂದುಕೊಟ್ಟು, ಜೀಪಿನ ಕಡೆ ಕತ್ತು ಉದ್ದ ಮಾಡಿ, "ಡ್ರೈವರಿಗೂ ಒಂದು ಚಾ ಕೊಡ್ಲ?" ಎಂದು ಕೇಳಿದರು.

ಗೆಳತಿ ಗಂಭೀರವಾಗಿ, "ಕೊಡ್ರಿ, ಪಾಪ, ನಸುಕಿನಿಂದ ಹೊಡ್ಯಾಕತ್ತಾನ" ಅಂದಳು. ಮೂರನೆಯ ಗ್ಲಾಸು ಬಂತು. ಅದನ್ನೂ ಅವಳೇ ಕುಡಿದು, ಬಾಯಿ ಒರೆಸಿಕೊಂಡು, ಸ್ಟೇರಿಂಗ್ ಹಿಂದೆ ಹೋಗಿ ಕೂತು, ಹಾರ್ನ್ ಹೊಡೆದಳು. ಅಂಗಡಿಯವರು ಕೈಯಲ್ಲಿ ಜಾಲರಿ ಹಿಡಿದು ನಿಂತೇ ಇದ್ದರು. ನಾವು ತಿರುವು ದಾಟುವವರೆಗೂ ನಿಂತಿದ್ದರು.

ಘಟ್ಟ ಇಳಿಯುವಾಗ ಮಾತ್ರ ಅವಳು ನಗಲಿಲ್ಲ. ತಿರುವಿಗೊಮ್ಮೆ ಕೆಳಗಿನಿಂದ ಅದಿರಿನ ಲಾರಿ ಉಸಿರು ಬಿಡುತ್ತಾ ಮೇಲೆ ಬರುತ್ತಿತ್ತು. ಅವಳ ತುಟಿ ಬಿಗಿದಿತ್ತು, ಎರಡೂ ಕೈ ಸ್ಟೇರಿಂಗ್ ಮೇಲೆ. ಇಳಿದು ಮುಗಿದ ಮೇಲೆ ಅವಳು ಸ್ವೆಟರು ತೆಗೆದು ಹಿಂದೆ ಎಸೆದಳು. ಗಾಳಿ ಬಿಸಿಯಾಗಿ, ಒದ್ದೆಯಾಗಿ ಮೈಗೆ ಅಂಟತೊಡಗಿತ್ತು.

"ಇದೇನ್ ಬೇ, ಯಾರೋ ಬಾಯಿ ತಗದು ನಮ್ಮ ಮ್ಯಾಲ ಉಸರು ಬಿಟ್ಟಂಗ ಆಗಾಕತ್ತೈತಿ!"

"ಆರ್ದ್ರತೆ" ಅಂದೆ ನಾನು. ಪಾಠದ ಶಬ್ದ ಬಾಯಿಗೆ ಬಂತು.

"ಅದ್ಯಾರು?" ಅಂದಳು ಅವಳು. ಮತ್ತೆ ಶುರುವಾಯಿತು.

ಕುಮಟಾ ದಾಟಿ ವ್ಯಾಪಾರಿ ಹೇಳಿದ ಗುರುತು ಹಿಡಿದು, ತೆಂಗಿನ ತೋಟಗಳ ನಡುವಿನ ಸಣ್ಣ ದಾರಿಯಲ್ಲಿ ಹೋದೆವು. ದಾರಿ ಗಾಳಿಮರಗಳ ಸಾಲಿನಲ್ಲಿ ಮುಗಿಯಿತು. ಮುಂದೆ ಮರಳು. ಮರಗಳ ಆಚೆ ಏನೋ ಹೊಳೆಯುವ ಗೋಡೆ ಎದ್ದು ನಿಂತಂತಿತ್ತು. ಆಕಾಶ ಅಷ್ಟು ಕೆಳಗೆ ಹೇಗೆ ಬಂತು ಎಂದು ನಾನು ಯೋಚಿಸುತ್ತಿದ್ದೆ. ಆಮೇಲೆ ಆ ಗೋಡೆ ಅಲುಗಾಡಿತು.

ಗೆಳತಿ ಎಂಜಿನ್ ಬಂದ್ ಮಾಡಿದಳು. ಮುಂಜಾನೆಯಿಂದ ಮೊದಲ ಬಾರಿ ಸದ್ದು ನಿಂತಿತು. ಆಗ ಸಮುದ್ರದ ಸದ್ದು ಕೇಳಿಸಿತು. ನನ್ನ ಕಣ್ಣಲ್ಲಿ ನೀರು ಬಂದಿತ್ತು. ನನ್ನ ಮೂರು ಸೊಟ್ಟ ಗೆರೆಗಳು ನೆನಪಾಗಿ ಅಳುವಿನ ನಡುವೆಯೇ ನಗುವೂ ಬಂತು.

"ಯವ್ವಾ, ಇಷ್ಟೂ ಅದಽ ಐತೇನು?" ಅಂದಳು ಗೆಳತಿ, ಸಣ್ಣ ದನಿಯಲ್ಲಿ.

ಇಳಿದು ಓಡಿದೆವು. ಮೊದಲ ಅಲೆ ಕಾಲಿಗೆ ಬಡಿದಾಗ ನಾನು ಕಿರುಚಿದ ಸದ್ದಿಗೆ ಹಕ್ಕಿಗಳು ಎದ್ದು ಹಾರಿದವು. ಅಂಗೈಯಲ್ಲಿ ನೀರು ತುಂಬಿಕೊಂಡು ನೆಕ್ಕಿ ನೋಡಿ ಇಬ್ಬರೂ ಮುಖ ಕಿವುಚಿದೆವು. ಉಪ್ಪು ಇರುತ್ತದೆ ಎಂದು ಗೊತ್ತಿದ್ದರೂ ಅಷ್ಟು ಉಪ್ಪು ಎಂದು ಗೊತ್ತಿರಲಿಲ್ಲ.

ಆಮೇಲೆ ಬಂದ ಕೆಲಸ. ನಾಲ್ಕೂ ಚಕ್ರಕ್ಕೆ ಬಲ ಕೊಡುವ ಒಂದು ಕಡ್ಡಿ ಆ ಜೀಪಿನಲ್ಲಿ ಗೇರಿನ ಪಕ್ಕ ಇತ್ತು. ಎಷ್ಟು ವರ್ಷದಿಂದ ಯಾರೂ ಮುಟ್ಟಿರಲಿಲ್ಲವೋ, ಜಗ್ಗಿದರೆ ಬರಲಿಲ್ಲ. ಗೆಳತಿ ಸೀಟಿಗೆ ಬೆನ್ನು ಕೊಟ್ಟು, ಗಂಡನ ಬೂಟುಗಾಲಿನಿಂದ ಅದಕ್ಕೊಂದು ಒದೆ ಕೊಟ್ಟಳು. ಕಟ್ ಎಂದು ಕೂತಿತು. ಒಣ ಮರಳಿನಲ್ಲಿ ಜೀಪು ಕೆಸರಿಗಿಳಿದ ಎಮ್ಮೆಯಂತೆ ಹೊಯ್ದಾಡಿತು. ಅವಳು ಬ್ರೇಕ್ ಮುಟ್ಟಲಿಲ್ಲ, ಗೇರು ಬದಲಿಸಲಿಲ್ಲ. "ಹೊಳಿ ದಂಡ್ಯಾಗ ಹುಟ್ಟಿದಾಕಿ ನಾ. ಮರಳಿನಾಗ ನಿಂತರ ಹೋತು!" ಎಂದು ಕೂಗುತ್ತಾ ಒಂದೇ ಸಮನೆ ನಡೆಸಿದಳು. ಒದ್ದೆ ಮರಳು ಸಿಕ್ಕಿತು. ಎಲ್ಲ ಕುಲುಕಾಟ ಒಮ್ಮೆಲೆ ನಿಂತುಹೋಯಿತು.

ವ್ಯಾಪಾರಿ ಸುಳ್ಳು ಹೇಳಿರಲಿಲ್ಲ. ನೆಲ ನಿಜಕ್ಕೂ ಕಣದಂತಿತ್ತು. ಎಡಕ್ಕೆ ಮರ, ಬಲಕ್ಕೆ ನೀರು, ನಡುವೆ ಹೊಳೆಯುವ ಖಾಲಿ ನೆಲ. ಕಣ್ಣು ಹೋದಷ್ಟು ದೂರ ಯಾರೂ ಇಲ್ಲ. ರಸ್ತೆ ಇಲ್ಲ, ಎಡಬದಿ ಇಲ್ಲ, ಬಲಬದಿ ಇಲ್ಲ. ಗೆಳತಿ ಮೊದಲು ನೇರ ಹೊಡೆದಳು. ಆಮೇಲೆ ಸೊಟ್ಟ ಹೊಡೆದಳು. ಆಮೇಲೆ ಸುತ್ತು ಹಾಕಿದಳು. ಅಲೆಯ ಅಂಚಿಗೆ ಚಕ್ರ ತಾಗಿದಾಗಲೆಲ್ಲ ನೀರು ಎರಡೂ ಕಡೆ ಬೀಸಣಿಗೆಯಂತೆ ಎದ್ದು ನಮ್ಮ ಮುಖಕ್ಕೇ ಬೀಳುತ್ತಿತ್ತು. ಸಣ್ಣ ಏಡಿಗಳು ದಡಬಡಿಸಿ ತೂತು ಸೇರುತ್ತಿದ್ದವು. ನಾನು ಎದ್ದು ಮುಂದಿನ ಸಲಾಕೆ ಹಿಡಿದು ನಿಂತೆ. ಸೆರಗು ಹಿಂದೆ ಹಾರುತ್ತಿತ್ತು. ನನ್ನ ಶಾಲೆಯ ಹೆಡ್‌ಮಾಸ್ಟರು ಆಗ ನೋಡಿದ್ದರೆ ಸೋಮವಾರದಿಂದ ನನ್ನನ್ನು ಸಹೋದ್ಯೋಗಿ ಎಂದು ಕರೆಯುತ್ತಿರಲಿಲ್ಲ.

ಜೀಪು ನಿಂತಿತು. ಗೆಳತಿ ಇಳಿದು ನನ್ನ ಕಡೆ ಬಂದಳು.

"ಆ ಕಡೆ ಸರಿ. ಈಗ ನೀನು."

"ಹುಚ್ಚೀ ಏನು? ನನಗ ಸೈಕಲ್ಲಽ ಬರೂದಿಲ್ಲ."

"ಇಲ್ಲಿ ಯಾರಿಗೆ ಹಾಯಸ್ತಿ ನೀ? ಸಮುದ್ರಕ್ಕ? ಹಾಯಸು. ಅದಕ್ಕೇನೂ ಆಗೂದಿಲ್ಲ."

ಅದು ನ್ಯಾಯದ ಮಾತೆನಿಸಿತು. ಸ್ಟೇರಿಂಗ್ ಹಿಂದೆ ಕೂತೆ. ಕ್ಲಚ್ ಬಿಡುವ ರೀತಿ ಹೇಳಿಕೊಟ್ಟಳು. ನಾಲ್ಕಾರು ಸಲ ಜೀಪು ಕಪ್ಪೆಯ ಹಾಗೆ ಕುಪ್ಪಳಿಸಿ ಸತ್ತಿತು. ಆಮೇಲೊಮ್ಮೆ ಅದು ಹೊರಟೇಬಿಟ್ಟಿತು. ಅಷ್ಟು ದೊಡ್ಡ ಕಬ್ಬಿಣದ ವಸ್ತು ನನ್ನ ಕೈ ಹೇಳಿದ ಕಡೆ ತಿರುಗುತ್ತಿದೆ ಎಂಬುದನ್ನು ನನಗೆ ನಂಬಲಾಗಲಿಲ್ಲ. ಎಡಕ್ಕೆ ತಿರುಗಿಸಿದೆ, ಎಡಕ್ಕೆ ಹೋಯಿತು. ಬಲಕ್ಕೆ ತಿರುಗಿಸಿದೆ, ಬಲಕ್ಕೆ ಹೋಯಿತು. "ಹೋಗಾಕತ್ತೈತಿ! ಹೋಗಾಕತ್ತೈತಿ!" ಎಂದು ನಾನು ಕೂಗುತ್ತಿದ್ದೆ. ಗೆಳತಿ ಪಕ್ಕದಲ್ಲಿ ತೊಡೆ ಬಡಿದುಕೊಳ್ಳುತ್ತಿದ್ದಳು. ಮೂವತ್ತು ದಾಟಿದ ಮೇಲೆ ಇಂಥ ಖುಷಿ ಇನ್ನೂ ಬಾಕಿ ಇರುತ್ತದೆ ಎಂದು ಅಲ್ಲಿಯವರೆಗೆ ನನಗೆ ಯಾರೂ ಹೇಳಿರಲಿಲ್ಲ.

ಮುಂದೆ ತೋಟಗಳ ಕಡೆಯಿಂದ ಒಂದು ತೆಳು ಹಳ್ಳ ಬಂದು ಸಮುದ್ರ ಸೇರುತ್ತಿತ್ತು. ಹಳ್ಳ ನೋಡಿ ನಾನು ಹೆದರಿ ಪೂರಾ ಬ್ರೇಕ್ ಒತ್ತಿದೆ. ಜೀಪು ಸರಿಯಾಗಿ ಹಳ್ಳದ ಬಾಯಲ್ಲೇ ನಿಂತಿತು. ನೋಡನೋಡುತ್ತ ಹಿಂದಿನ ಚಕ್ರಗಳು ನಿಧಾನವಾಗಿ, ಮೊಸರಿಗೆ ಚಮಚ ಇಳಿದಂತೆ, ಇಳಿದವು.

ಗೆಳತಿ ಕೂತು ಹೊಡೆದಳು, ಇನ್ನಷ್ಟು ಇಳಿಯಿತು. ಕೈಯಿಂದ ಮರಳು ತೋಡಿದೆವು. ತೋಡಿದಲ್ಲಿ ನೀರು ಬಂದು ತುಂಬಿಕೊಂಡಿತು. ಅವಳು ಸೊಂಟದ ಮೇಲೆ ಕೈಯಿಟ್ಟು ಸಮುದ್ರದ ಕಡೆ ನೋಡಿದಳು.

"ನೀರು ಈಗ ಬರಾಕತ್ತೈತೋ, ಹೋಗಾಕತ್ತೈತೋ? ನೀ ಮಾಸ್ತರಿಣಿ ಅದಿ, ಹೇಳು."

ನಾನು ಗಂಟಲು ಸರಿಮಾಡಿಕೊಂಡು, "ಚಂದ್ರನ ಗುರುತ್ವಾಕರ್ಷಣೆಯಿಂದ ದಿನಕ್ಕ ಎರಡು ಸಲ..." ಎಂದು ಶುರು ಮಾಡಿದೆ.

"ಚಂದ್ರನ್ನ ಸಾಲ್ಯಾಗ ಬಿಡು ಬೇ. ಈ ನೀರಿಂದು ಹೇಳು!"

ಒಂದು ಕಡ್ಡಿ ತಂದು ಅಲೆ ಬಂದು ಮುಟ್ಟಿದ ಕಡೆ ನೆಟ್ಟೆವು. ಎರಡು ಅಲೆ ಅದರ ಹಿಂದೆಯೇ ನಿಂತವು. ಮೂರನೆಯದು ಕಡ್ಡಿಯನ್ನು ಎತ್ತಿಕೊಂಡು ನಮ್ಮ ಕಾಲ ಬಳಿ ತಂದು ಹಾಕಿತು.

"ಬರಾಕತ್ತೈತಿ" ಅಂದೆ.

ನನ್ನ ನಗು ಅಲ್ಲಿಗೆ ನಿಂತಿತು. ಅವಳ ಮಾವನವರ ಜೀಪು, ನನ್ನ ಕಾಲಿನ ಕೆಳಗಿನ ಬ್ರೇಕು. ಗೆಳತಿಯ ಮುಖವೂ ಒಂದು ಕ್ಷಣ ಇಳಿಯಿತು. ಆಮೇಲೆ ಅವಳ ಕಣ್ಣು ಗೋಣಿಚೀಲಗಳ ಮೇಲೆ ಬಿತ್ತು. "ಎರಿ ಮಣ್ಣಿನ ಹೊಲದಾಗ ಗಾಲಿ ಸಿಕ್ಕಾಗ ಏನ್ ಹಾಸ್ತೇವಿ? ಇದನ್ನಽ ಹಾಸೂಣು" ಎಂದು ಚೀಲಗಳನ್ನು ಎಳೆದು ಚಕ್ರಗಳ ಕೆಳಗೆ ತುರುಕತೊಡಗಿದಳು.

ಅಷ್ಟರಲ್ಲಿ ಮೀನು ಮಾರಿ ಖಾಲಿ ಬುಟ್ಟಿ ಹೊತ್ತು ದಂಡೆಗುಂಟ ಮನೆಗೆ ಹೊರಟ ಐದಾರು ಹೆಂಗಸರು ಬಂದರು. ಮುಂದೆ ಒಬ್ಬ ಹಿರಿಯಾಕೆ, ತುರುಬಿನ ತುಂಬ ಅಬ್ಬಲಿಗೆ ಹೂ.

"ಹೋಯ್, ಇಲ್ಲೆಂತಕ್ಕೆ ಬಂದ್ರೇ ಗಾಡಿ ತಕಂಡು?" ಅಂದಳು ಆಕೆ.

"ಜೀಪ್ ಹೊಡಿಯಾಕ ಬಂದೇವ್ರಿ" ಅಂದಳು ಗೆಳತಿ.

"ನೀರು ಏರ್ತಾ ಅದೆ. ಬನ್ರೇ, ನೂಕ್ವ" ಎಂದು ಆಕೆ ಬುಟ್ಟಿ ಕೆಳಗಿಟ್ಟು ಸೀರೆ ಎತ್ತಿ ಕಟ್ಟಿದಳು. ಉಳಿದವರೂ ಕಟ್ಟಿದರು. ಗೆಳತಿ ಹತ್ತಿ ಕೂತಳು. ನಾನು ಹೆಂಗಸರ ಸಾಲಿನಲ್ಲಿ ಭುಜ ಕೊಟ್ಟೆ. ಹಿರಿಯಾಕೆ "ಹೋ..." ಎಂದರೆ ಉಳಿದವರು "ಹೋಯ್!" ಎನ್ನುತ್ತಿದ್ದರು. ಚಕ್ರಗಳು ಚೀಲದ ಮೇಲೆ ಗಿರ್ರನೆ ತಿರುಗಿದವು. ಮೇಲಿನ ಚೀಲಗಳು ಒಣಗಿದ್ದವು. ವರ್ಷಗಳ ಮೆಣಸಿನಕಾಯಿ ಪುಡಿ ಅಷ್ಟೂ ಒಮ್ಮೆಲೆ ಎದ್ದು ನಮ್ಮ ಮುಖಕ್ಕೆ ಬಂತು.

ಮೊದಲು ಹಿರಿಯಾಕೆ ಸೀನಿದಳು. ಆಮೇಲೆ ಎಲ್ಲರೂ. ಒಬ್ಬಳು ಕಣ್ಣು ಮುಚ್ಚಿಕೊಂಡು ಸಮುದ್ರದ ಕಡೆ ಓಡಿ ಮುಖ ತೊಳೆದು, ಉಪ್ಪು ನೀರು ತಾಗಿ ಇನ್ನೂ ಜೋರಾಗಿ ಕೂಗಿದಳು.

"ಎಂತದೇ ಇದು? ಆ... ಆಕ್ಷೀ! ಮಾಟನ?"

"ಮೆಣಸಿನಕಾಯಿ... ಆಕ್ಷೀ! ಬ್ಯಾಡಗಿದು ರಿ..."

"ಬ್ಯಾಡಗಿ ಮೆಣಸ?" ಹಿರಿಯಾಕೆಯ ಕೆಂಪಗಾದ ಕಣ್ಣು ಅರಳಿತು. "ಅದೇ ಅಂದೆ, ಪರಿಚಯದ ವಾಸನೆ! ಅದಿಲ್ದೆ ನಮ್ಮನೆ ಮೀನು ಸಾರಿಗೆ ಬಣ್ಣವೇ ಬತ್ತಿಲ್ಲೆ. ನೂಕ್ರೇ, ನಮ್ಮ ಮೆಣಸಿನ ಗಾಡಿ, ನೂಕ್ರೇ!"

ಎಲ್ಲರಿಗೂ ನಗು ಹತ್ತಿಬಿಟ್ಟಿತು. ನಗುತ್ತಾ ನೂಕಲು ಬಲ ಬರುವುದಿಲ್ಲ. ಸೀನುತ್ತಾ ಮೊದಲೇ ಬರುವುದಿಲ್ಲ. ನಿಂತು ಸುಧಾರಿಸಿಕೊಂಡು ನೂಕುವುದು, ಸೀನು ಬಂದಾಗ ಬಿಡುವುದು, ಹೀಗೆ ನಡೆಯಿತು. ಅಲೆಯ ನೀರು ಮೊಣಕಾಲಿಗೆ ಬರುವ ಹೊತ್ತಿಗೆ ಚಕ್ರ ಚೀಲವನ್ನು ಕಚ್ಚಿ ಹಿಡಿಯಿತು. ಜೀಪು ಒಮ್ಮೆ ನರಳಿ ಮುಂದೆ ಜಿಗಿಯಿತು. ಆನಿಕೊಂಡಿದ್ದ ನಾವೆಲ್ಲ ಸಾಲಾಗಿ ನೀರಿಗೆ ಬಿದ್ದೆವು. ನನ್ನ ಮೇಲೆ ಹಿರಿಯಾಕೆ, ಆಕೆಯ ಮೇಲೆ ಇನ್ನೊಬ್ಬಳು. ಬಿದ್ದಲ್ಲೇ ಕೂತು ಎಲ್ಲರೂ ಚಪ್ಪಾಳೆ ತಟ್ಟಿದೆವು.

ಗೆಳತಿ ಗಟ್ಟಿ ನೆಲದ ಮೇಲೆ ಜೀಪು ನಿಲ್ಲಿಸಿ ಬಂದು ಹಿರಿಯಾಕೆಯ ಕೈ ಹಿಡಿದು, "ನಿಮ್ಮ ಉಪಕಾರ ಹೆಂಗ ತೀರಸ್ಲಿ ರಿ?" ಅಂದಳು.

"ಮನೆ ತಂಕ ಬಿಡು. ನಾವು ಜೀಪಿನಾಗೆ ಕೂತಿದ್ದಿಲ್ಲೆ."

ಬುಟ್ಟಿಗಳೊಂದಿಗೆ ಎಲ್ಲರೂ ಹತ್ತಿದರು. ಗೆಳತಿ ನನ್ನನ್ನು ಸ್ಟೇರಿಂಗ್ ಕಡೆ ನೂಕಿದಳು. "ಹುಗಿಸಿದಾಕಿ ನೀನಽ. ಈಗ ಹೊಡಿಯಾಕಿನೂ ನೀನಽ. ಇವತ್ತ ಬಿಟ್ಟರ ಮತ್ತ ಎಂದೂ ಮುಟ್ಟೂದಿಲ್ಲ ನೀ."

"ಹುಗಿಸಿದ್ದು ಇವಳ? ಹಂಗಾರೆ ನಾ ಇಳಿತೆ" ಎಂದು ಹಿರಿಯಾಕೆ ಒಂದು ಕಾಲು ಹೊರಗಿಟ್ಟಳು. ಆಮೇಲೆ ಏನನ್ನಿಸಿತೋ, ಮುಂದೆ ನನ್ನ ಪಕ್ಕಕ್ಕೇ ಬಂದು ಗಟ್ಟಿಯಾಗಿ ಕೂತಳು. ನಾನು ಕ್ಲಚ್ ಬಿಟ್ಟೆ. ಒಂದೇ ಕುಪ್ಪಳಿಕೆಯಲ್ಲಿ ಹೊರಟಿತು. ಹಿಂದೆ ಹೆಂಗಸರು ಕಿರುಚಿದರು, ಆಮೇಲೆ ಹಾಡಿನಂಥದ್ದೇನೋ ಶುರುವಾಯಿತು. ಹಿರಿಯಾಕೆ ನನ್ನ ಭುಜಕ್ಕೆ ಹೊಡೆಯುತ್ತಾ, "ಬಿಡೇ! ಜೋರಾಗೆ ಬಿಡೇ!" ಎನ್ನುತ್ತಿದ್ದಳು. ಆಕೆಯ ತುರುಬಿನ ಹೂ ಒಂದೊಂದಾಗಿ ಹಾರಿ ಹಿಂದಿನವರ ಮಡಿಲಿಗೆ ಬೀಳುತ್ತಿದ್ದವು. ನಾನು ಬಿಟ್ಟೆ. ಅವರ ಮನೆಯ ದಾರಿ ನಾವು ಬಂದ ಕಡೆಗೇ ಇತ್ತು. ಈ ಸಲ ಹಳ್ಳ ಬಂದಾಗ ಬ್ರೇಕ್ ಮುಟ್ಟಲಿಲ್ಲ. ಮೇಲ್ಗಡೆ ಸುತ್ತು ಹಾಕಿ ಒಂದೇ ಸಮನೆ ದಾಟಿಸಿದೆ.

ಅವರ ಮನೆಗಳ ಮುಂದೆ ಮೀನು ಒಣಹಾಕಿದ್ದರು. ನಾವಿಬ್ಬರೂ ಮೀನು ತಿನ್ನುವವರಲ್ಲ ಎಂದಾಗ ಹಿರಿಯಾಕೆಗೆ ನಮ್ಮ ಮೇಲೆ ಕನಿಕರ ಬಂತು. ಎಳನೀರು ಕೆತ್ತಿಸಿ ಕೊಟ್ಟಳು. ನಾವು ರೊಟ್ಟಿಯ ಗಂಟು ಬಿಚ್ಚಿದೆವು. ಒಣ ಜೋಳದ ರೊಟ್ಟಿ ಮುರಿಯುವ ಸದ್ದಿಗೆ ಅವರಿಗೆಲ್ಲ ನಗು. "ಹಪ್ಪಳನೇ ಊಟನ ನಿಮ್ಗೆ?" ಎಂದು ಕೇಳುತ್ತಲೇ ಶೇಂಗಾ ಚಟ್ನಿಯ ಡಬ್ಬಿ ಖಾಲಿ ಮಾಡಿದರು. ಹೊರಡುವಾಗ ಗೆಳತಿ ಸುಗ್ಗಿಯಲ್ಲಿ ಮೆಣಸಿನಕಾಯಿ ಕಳಿಸುವ ಮಾತು ಕೊಟ್ಟಳು. ಫೆಬ್ರುವರಿಯಲ್ಲಿ ಅದೇ ಕುಮಟಾ ವ್ಯಾಪಾರಿಯ ಲಾರಿಯಲ್ಲಿ ಒಂದು ಚೀಲ ಕಳಿಸಿದಳು ಕೂಡ. ಅದು ತಲುಪಿದ್ದಕ್ಕೆ ಗುರುತಾಗಿ ಆ ವ್ಯಾಪಾರಿಯ ಕೈಯಲ್ಲಿ ಒಂದು ಬುಟ್ಟಿ ತೆಂಗಿನಕಾಯಿ ಬಂತು.

ವಾಪಸು ಬರುವಾಗ ಇಬ್ಬರ ಮೈಯೂ ಉಪ್ಪಿನಿಂದ ಬಿಳಿಯಾಗಿತ್ತು. ಘಟ್ಟ ಹತ್ತಿ ಒಂದು ಹಳ್ಳದ ಬಳಿ ಜೀಪು ನಿಲ್ಲಿಸಿ ಚಕ್ರ, ತಗಡು, ಸೀಟು ಎಲ್ಲ ಉಜ್ಜಿ ಉಜ್ಜಿ ತೊಳೆದೆವು. ಮೀನಿನ ವಾಸನೆ ಹೋಗಲಿಲ್ಲ. ಮೆಣಸಿನಕಾಯಿ ಘಾಟಿನ ಜೊತೆ ಸೇರಿ ಅದು ಹೊಸದೇ ಏನೋ ಆಗಿತ್ತು. ಗೆಳತಿಗೆ ಅತ್ತೆಯದೇ ಚಿಂತೆ. ಸೋಮವಾರ ಮನೆಯಲ್ಲಿ ಈರುಳ್ಳಿಯನ್ನೂ ಮುಟ್ಟದ ಹೆಂಗಸು ಅವರು.

ಮರುದಿನ ಫೋನಿನಲ್ಲಿ ಹೇಳಿದಳು. ಅತ್ತೆ ಜೀಪಿನ ಸುತ್ತ ಒಂದು ಸುತ್ತು ಹಾಕಿ, ಮೂಗು ಮುಚ್ಚಿಕೊಂಡು, "ಏನ್ ನಾತ ಇದು?" ಎಂದರಂತೆ.

"ಸಮುದ್ರ ರಿ ಅತ್ತಿ. ಅದು ಹಂಗಽ ನಾರತೈತಿ" ಅಂದಳಂತೆ ಇವಳು.

ಅತ್ತೆ, "ಅಷ್ಟು ನೀರು ಒಂದಽ ಕಡೆ ನಿಂತರ ನಾರದಽ ಇರತೈತೇನು" ಎಂದು ಒಳಗೆ ಹೋದರಂತೆ. ಆಮೇಲೆ ಬಾಗಿಲಲ್ಲಿ ತಿರುಗಿ ನಿಂತು, "ಮುಂದಿನ ಸಲ ಹೋಗೂ ಮುಂದ ಹೇಳು. ನಾನೂ ಒಮ್ಮೆ ನೋಡ್ಬೇಕು" ಎಂದರಂತೆ.

ಆ ವಾರವೇ ನಾನು ಹಾವೇರಿಯ ಒಂದು ಡ್ರೈವಿಂಗ್ ಸ್ಕೂಲಿಗೆ ಹೋಗಿ ಹೆಸರು ಹಚ್ಚಿದೆ. ಮೊದಲ ದಿನ ಕಲಿಸುವವರು ಪಕ್ಕದಲ್ಲಿ ಕೂತು ಕೇಳಿದರು:

"ಬಾಯಾರ, ಈ ಮೊದಲು ಎಲ್ಲೆರೆ ಗಾಡಿ ಹೊಡದೀರೇನ್ರಿ?"

"ಹೂಂ ರಿ. ಸಮುದ್ರದಾಗ."

ಅವರು ನನ್ನ ಮುಖ ನೋಡಿದರು. ತಮ್ಮ ಕಡೆಯ ಬ್ರೇಕಿನ ಮೇಲೆ ಸುಮ್ಮನೆ ಕಾಲಿಟ್ಟುಕೊಂಡರು. ಕೋರ್ಟಿನ ಮುಂದಿನ ರಸ್ತೆಯಲ್ಲಿ ಎದುರಿಗೆ ಬಸ್ಸು, ಎಡಕ್ಕೆ ಸೈಕಲ್ಲು, ನಡುವೆ ಮೆಲುಕು ಹಾಕುತ್ತಾ ಮಲಗಿದ ಎತ್ತು. ಇಷ್ಟು ಇಕ್ಕಟ್ಟಿನಲ್ಲಿ ಜನ ಹೇಗೆ ತಾನೇ ಗಾಡಿ ಹೊಡೆಯುತ್ತಾರೆ ಎಂದು ಬೆರಗಾಗುತ್ತಾ, ನಾನು ಕ್ಲಚ್ ಮೇಲಿನ ಕಾಲನ್ನು ಮೆಲ್ಲಗೆ ಬಿಟ್ಟೆ.